ಮೆಟ್ರೊ ಸುರಂಗದ ಪಕ್ಕ ಎರಡು ಬೇಸ್‌ಮೆಂಟ್: ಪೈಲಾ, ರಾಫ್ಟಾ?

ನಕ್ಷೆಮನೆ:
ಹಳೇ ಬೆಂಗಳೂರಲ್ಲಿ, ಚಿಕ್ಕಪೇಟೆ–ಕೆ.ಆರ್. ಮಾರ್ಕೆಟ್ ನಡುವಿನಂಥ ಕಡೆ ಒಂದು ಸೈಟು ಅಂತಿಟ್ಟುಕೊಳ್ಳಿ. 60×90 ಅಡಿ. ಮುಂದಿನ ರಸ್ತೆಯಡಿ ಹಸಿರು ಮಾರ್ಗದ ಜೋಡಿ ಸುರಂಗ. ಹತ್ತಿರದ ಸುರಂಗದ ಹೊರಮೈ ಸೈಟಿನ ಗಡಿಯಿಂದ 6 ಮೀ. ದೂರ, ನೆತ್ತಿ ನೆಲಮಟ್ಟದಿಂದ 11 ಮೀ. ಕೆಳಗೆ. ಕಟ್ಟಬೇಕಿರೋದು ಎರಡು ಬೇಸ್‌ಮೆಂಟ್, ಅಂದ್ರೆ 7 ಮೀ. ಗುಂಡಿ, ಮೇಲೆ ಆರು ಮಹಡಿ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ "ಕಟ್ಟಡದ ಭಾರ ಸುರಂಗಕ್ಕೆ ತಾಗಬಾರದು, ಪೂರ್ತಿ ಪೈಲ್ (ನೆಲದಾಳಕ್ಕೆ ಇಳಿಸೋ ಕಾಂಕ್ರೀಟ್ ಕಂಬ) ಮೇಲೆ ಕೂರಿಸಿ" ಅಂತಾರೆ. ಇನ್ನೊಬ್ಬರು "ರಾಫ್ಟ್ (ಇಡೀ ಕಟ್ಟಡದಡಿ ಹಾಸೋ ಒಂದೇ ದಪ್ಪ ಕಾಂಕ್ರೀಟ್ ಹಾಸು) ಸಾಕು, ಪೈಲ್ ಹಾಕೋದು ದುಡ್ಡು ದಂಡ" ಅಂತಾರೆ. ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ) ಮೆಟ್ರೊ ನಿಗಮ ಬಿಎಂಆರ್‌ಸಿಎಲ್‌ಗೆ ಹೋಗೋ ಮುಂಚೆ ಇದು ಇತ್ಯರ್ಥ ಆಗಬೇಕು. ಬಲ್ಲವರು ಹೇಳಿ.

ಗಟ್ಟಿಬಂಡೆ:
ಇಬ್ಬರೂ ಕಟ್ಟಿ ಮುಗಿಸಿದ ಮೇಲಿನ ಭಾರದ ಬಗ್ಗೆಯೇ ಮಾತಾಡ್ತಿದ್ದಾರೆ. ಲೆಕ್ಕ ಹಾಕಿ ನೋಡಿ ಸರ್. 7 ಮೀ. ಮಣ್ಣು ತೆಗೆದ್ರೆ, ಘನ ಮೀಟರಿಗೆ 18 ಕಿಲೋನ್ಯೂಟನ್ ಹಿಡಿದ್ರೂ, ನೆಲದ ಮೇಲಿಂದ 126 ಕಿಲೋಪಾಸ್ಕಲ್ (ಚದರ ಮೀಟರಿಗೆ ಅಷ್ಟು ಕಿಲೋನ್ಯೂಟನ್) ಭಾರ ಇಳೀತು. ವಾಪಸ್ ಬರೋದೆಷ್ಟು? ಬೇಸ್‌ಮೆಂಟಿನದೂ ಸೇರಿ ಎಂಟು ಸ್ಲ್ಯಾಬ್, ಒಂದೊಂದಕ್ಕೆ ಸುಮಾರು 12 ಕಿಲೋಪಾಸ್ಕಲ್, ಒಟ್ಟು 96. 800 ಮಿ.ಮೀ. ರಾಫ್ಟಿಗೆ 20. ಒಟ್ಟು 116. ಅಂದ್ರೆ ಕಟ್ಟಡ ಪೂರ್ತಿ ಎದ್ದು ನಿಂತಾಗಲೂ ಮೊದಲಿದ್ದ ಮಣ್ಣಿಗಿಂತ 10 ಕಿಲೋಪಾಸ್ಕಲ್ ಹಗುರ. ಅಪಾಯ ಇರೋದು ಗುಂಡಿ ಬಾಯಿ ತೆರೆದು ರಾಫ್ಟ್ ಬೀಳೋ ತನಕದ ತಿಂಗಳುಗಳಲ್ಲಿ. ಪಕ್ಕದ ಮಣ್ಣಿನ ಒತ್ತು ಕಮ್ಮಿಯಾದ್ರೆ ಸುರಂಗದ ಉಂಗುರ ಗುಂಡಿಯ ಕಡೆಗೆ ಅಡ್ಡಡ್ಡ ಅಗಲ ಆಗುತ್ತೆ, ಸೆಗ್ಮೆಂಟುಗಳ (ಉಂಗುರ ಜೋಡಿಸಿರೋ ಕಾಂಕ್ರೀಟ್ ತುಂಡುಗಳ) ನಡುವಿನ ಸಂದು ತೆರ್ಕೊಳ್ಳುತ್ತೆ. ಅಲ್ಲಿರೋ ರಬ್ಬರ್ ಗ್ಯಾಸ್ಕೆಟ್ ಕೆಲವೇ ಮಿ.ಮೀ. ಬಿರುಕು ತಡೆಯುತ್ತೆ, ಅದರಾಚೆ ನೀರು ಒಳಗೆ.

ಕಂಬತೊಲೆ:
ಗಟ್ಟಿಬಂಡೆ ಅವರ ಸರಾಸರಿ ಲೆಕ್ಕ ಸರಿ. ಆದ್ರೆ ಭಾರ ಸರಾಸರಿಯಾಗಿ ಇಳಿಯೋದಿಲ್ಲ, ಕಾಲಂ ಕೆಳಗೆ ಇಳಿಯುತ್ತೆ. ಅದಕ್ಕಿಂತ ದೊಡ್ಡ ತಲೆನೋವು ಬೆಂಗಳೂರಿನ ನೆಲ. ಒಂದು ಮೂಲೆಯಲ್ಲಿ 8 ಮೀಟರಿಗೇ ಗಟ್ಟಿ ನೈಸ್ ಬಂಡೆ, ಎದುರು ಮೂಲೆಯಲ್ಲಿ 20 ಮೀ. ಹೋದ್ರೂ ಬರೀ ಮರಳುಮಿಶ್ರಿತ ಜೇಡಿ, ನಡುವೆ ಗುಂಡುಕಲ್ಲು. ರಾಫ್ಟಿನ ಅರ್ಧ ಬಂಡೆ ಮೇಲೆ, ಅರ್ಧ ಮಣ್ಣ ಮೇಲೆ ಕೂತ್ರೆ ಒಂದು ಕಡೆ ಕುಸಿದು ಬಿರುಕು ಬಿಡುತ್ತೆ. ಪೈಲ್ ಬೇಕು ಅನ್ನೋದು ಅದಕ್ಕೆ.

ರಿಗ್ ಮಾಸ್ತರ:
ಪೈಲ್ ಹಾಕ್ರಿ, ಯಾರ್ ಬ್ಯಾಡ ಅಂದಾರ. ಆದ್ರ ಹೆಂಗ ಹಾಕ್ತೀರಿ ಅನ್ನೋದನ್ನ ಮೊದಲ ಬರೀರಿ. ಚೀಸಲ್ (ಭಾರದ ಉಕ್ಕಿನ ಉಳಿ) ಎತ್ತಿ ಬಂಡಿ ಮ್ಯಾಲ ಕುಟ್ಟೋ ಹಳೇ ಡಿಎಂಸಿ ರಿಗ್ ತಂದ್ರ ಸುರಂಗದಾಗ ಕಂಪನ ಶುರು. ಕುಟ್ಟದ ತಿರುಗಿ ಕೊರಿಯೋ ರೋಟರಿ ರಿಗ್, ಕೋರ್ ಬ್ಯಾರಲ್ ಅಂತ ಟೆಂಡರಿನಾಗ ಬರೀಲಿಲ್ಲ ಅಂದ್ರ ಸೈಟಿಗೆ ಬರೋದು ಚೀಸಲ್ಲೇ, ಯಾಕಂದ್ರ ಅದು ಅಗ್ಗ. ಇನ್ನೊಂದು ಮಾತ್ರೀ. ಡ್ರಾಯಿಂಗಿನಾಗ ಪೈಲಿಗೂ ಸುರಂಗಕ್ಕೂ 3 ಮೀ. ಅಂತರ ಅಂದ್ರ ನೆಲದಾಗ 3 ಮೀ. ಅಲ್ಲ. ಪೈಲಿನ ಭಾರತೀಯ ಮಾನಕ ಐಎಸ್ 2911 ಪ್ರಕಾರ ಪೈಲ್ 1.5% ವಾಲಬಹುದು. 20 ಮೀಟರಿಗೆ ಅದು 300 ಮಿ.ಮೀ. ಪೈಲಿನ ಜಾಗಾ ತಪ್ಪಿದ್ದು 75. ಸುರಂಗ ಕೊರದಾಗ ಯಂತ್ರ ಸರದದ್ದು ಒಂದು 100 ಹಿಡೀರಿ. ಕೂಡಿಸಿದ್ರ 475 ಮಿ.ಮೀ., ಹತ್ರಹತ್ರ ಅರ್ಧ ಮೀಟರ್. ಅದಕ್ಕ 3 ಬೇಕಂದ್ರ ಡ್ರಾಯಿಂಗಿನಾಗ 3.5 ತೋರಸ್ರಿ.

ಜುರಾಂಗ್ ಕನ್ನಡಿಗ:
ಆ 3 ಮೀ. ಬಂದಿರೋದು ಹಾಂಗ್‌ಕಾಂಗ್ ನಿಯಮದಿಂದ. ಅಲ್ಲಿ ರೈಲು ಕಟ್ಟಡದ ಯಾವ ಭಾಗಕ್ಕೂ 3 ಮೀ. ಒಳಗೆ ಪೈಲು, ಬೋರು, ಬಾವಿ ಯಾವುದೂ ಇಲ್ಲ. ಹೊಸದಾಗಿ ಬೀಳೋ ಒತ್ತಡ 20 ಕಿಲೋಪಾಸ್ಕಲ್ ಮೀರಬಾರದು, ತಾತ್ಕಾಲಿಕ ಹೊರೆಯೂ ಅದರಲ್ಲೇ. ಒಟ್ಟು ಸರಿತ 20 ಮಿ.ಮೀ., ಹಳಿಯ ಓರೆ 1000ಕ್ಕೆ 1, ಕಂಪನದ ವೇಗ ಸೆಕೆಂಡಿಗೆ 25 ಮಿ.ಮೀ. ಸಿಂಗಪುರದಲ್ಲಿ ಸರಿತಕ್ಕೆ 15 ಮಿ.ಮೀ. ಮಾತ್ರ. ರೈಲಿನ ಹೊರ ಅಂಚಿಂದ 40 ಮೀ. ಒಳಗೆ ಏನೇ ಅಗೆದ್ರೂ ರಕ್ಷಣಾ ವಲಯದ ಲೆಕ್ಕ. ಬೆಂಗಳೂರಿಗೆ ಬಿಎಂಆರ್‌ಸಿಎಲ್ ಕೊಡೋ ಷರತ್ತೇ ಕೊನೇ ಮಾತು. ಆದ್ರೆ ಪ್ರಾಥಮಿಕ ವಿನ್ಯಾಸಕ್ಕೆ ಈ ಅಂಕಿಗಳನ್ನ ಹಿಡಿದ್ರೆ ಆಮೇಲೆ ಬದಲಿಸೋದು ಕಮ್ಮಿ.

20 ಕಿಲೋಪಾಸ್ಕಲ್ ಅಂದ್ರೆ ಎಷ್ಟು ಸಣ್ಣದು ನೋಡಿ: ಒಂದೂವರೆ ಮೀ. ಎತ್ತರದ ಮಣ್ಣಿನ ಗುಡ್ಡೆಯೇ 27 ಆಗುತ್ತೆ. ಅಗೆದ ಮಣ್ಣನ್ನ ರಸ್ತೆ ಕಡೆ ಸುರಿದಿಟ್ಟರೆ, ಕ್ರೇನಿನ ಕಾಲು ಅಲ್ಲೇ ಊರಿದರೆ ಕಟ್ಟಡಕ್ಕಿಂತ ಮೊದಲೇ ಮಿತಿ ದಾಟಿದ ಹಾಗೆ.

ಪೇಟೆಬೀದಿ:
ಎಲ್ಲ ಸರಿ ಸ್ವಾಮಿ. ಆದ್ರೆ ಪೇಟೆಯಲ್ಲಿ ನೂರು ವರ್ಷದ ಹಳೇ ಕಟ್ಟಡಗಳ ಬುಡದಲ್ಲೇ ಸುರಂಗ ಕೊರೆದ್ರು. ಆಗ ಮೆಟ್ರೊದವರಿಗೆ ಆಗಿದ್ದು, ಈಗ ನಮಗೆ ಯಾಕೆ ಇಷ್ಟು ಕಟ್ಟಳೆ?

ಗಟ್ಟಿಬಂಡೆ:
ಆ ಕಟ್ಟಡಗಳು ಆಗಲೇ ಅಲ್ಲಿದ್ವು, ಅವುಗಳ ಭಾರ ಹಿಡಿದೇ ಸುರಂಗದ ಗೋಡೆ ವಿನ್ಯಾಸ ಆಯ್ತು. ಈಗ ನೀವು ಆ ಭಾರವನ್ನೇ ತೆಗೀತೀರಿ. ಸೈಟು ನೇರ ಸುರಂಗದ ಮೇಲೇ ಇದ್ರೆ ಏನಾಗುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಹೊರವ್ಯಾಸ 6.3 ಮೀ., ಗೋಡೆ ದಪ್ಪ 275 ಮಿ.ಮೀ. ಅಂತಿಟ್ಟುಕೊಳ್ಳಿ. ಒಂದು ಮೀಟರ್ ಉದ್ದದ ಸುರಂಗವನ್ನ ಅಂತರ್ಜಲ ಮೇಲಕ್ಕೆ ಒತ್ತೋ ಬಲ ಸುಮಾರು 306 ಕಿಲೋನ್ಯೂಟನ್. ಕಾಂಕ್ರೀಟಿನ ಸ್ವಂತ ತೂಕ ಬರೀ 130. ಉಳಿದ 176ನ್ನ ಒತ್ತಿ ಹಿಡಿದಿರೋದು ತಲೆ ಮೇಲಿನ ಮಣ್ಣು. ನೀರಲ್ಲಿ ನೆಂದ ಮಣ್ಣಿನ ಪರಿಣಾಮಿ ತೂಕ 9 ಅಂದ್ರೆ, ಬರೀ ಸಮತೋಲಕ್ಕೇ 3.1 ಮೀ. ಮಣ್ಣು ಬೇಕು. 11 ಮೀಟರಲ್ಲಿ 7 ತೆಗೆದ್ರೆ ಉಳಿಯೋದು 4. ಸುರಕ್ಷತಾ ಅಂಶ 1.17ಕ್ಕೆ ಬಂತು. ಅಷ್ಟರ ಮೇಲೆ ಯಾವ ಎಂಜಿನಿಯರೂ ಸಹಿ ಹಾಕಲ್ಲ.

ಲಂಡನ್ ಶೆಲ್ ಸೆಂಟರಿನ ಗುಂಡಿ ಕೆಳಗಿನ ಬೇಕರ್‌ಲೂ ಸುರಂಗಗಳು ಮೇಲೇಳೋದನ್ನ 1959ರಿಂದ 1986ರ ತನಕ ಅಳೆದಿದ್ದಾರೆ. ಅದು ಜೇಡಿಮಣ್ಣು, ನಿಧಾನಕ್ಕೆ ಉಬ್ಬುತ್ತೆ. ನಮ್ಮ ಮಣ್ಣಲ್ಲಿ ನೀರು ಬೇಗ ಓಡಾಡುತ್ತೆ, ಹಾಗಾಗಿ ಬಹುಪಾಲು ಸರಿತ ಅಗೆಯುವಾಗಲೇ ಮುಗಿಯುತ್ತೆ. ಇದು ಒಳ್ಳೇದೂ ಹೌದು, ಕೆಟ್ಟದ್ದೂ ಹೌದು. ಆಮೇಲೆ ಸರಿಮಾಡೋಣ ಅನ್ನೋಕೆ ಸಮಯ ಸಿಗಲ್ಲ.

ನಕ್ಷೆಮನೆ:
ಸರಿ, ಪಕ್ಕದ ಸೈಟಿಗೆ ವಾಪಸ್ ಬರೋಣ. ಪೈಲ್ ಹಾಕೋದಾದ್ರೆ ಎಲ್ಲಿ, ಎಷ್ಟು ಆಳ?

ಕಂಬತೊಲೆ:
ಸುರಂಗದ ತಳ ಮಟ್ಟದ ಅಂಚಿಂದ ಸೈಟಿನ ಕಡೆ ಮೇಲಕ್ಕೆ 45 ಡಿಗ್ರಿ ಗೆರೆ ಎಳೀರಿ. ತಳ ಇರೋದು 11 + 6.3 = 17.3 ಮೀಟರಲ್ಲಿ. ಆ ಗೆರೆಯಿಂದ ಮೇಲೆ, ಸುರಂಗದ ಕಡೆ ಇಳಿಸೋ ಭಾರವೆಲ್ಲ ಸುರಂಗಕ್ಕೆ ತಾಗುತ್ತೆ ಅಂತ ಹಿಡಿಯೋದು ವಾಡಿಕೆ. ಗೆರೆ 7 ಮೀ. ಆಳಕ್ಕೆ ಬರೋವಾಗ ಸುರಂಗದಿಂದ 10.3 ಮೀ. ದೂರ, ಅಂದ್ರೆ ನಿಮ್ಮ ಗಡಿಯಿಂದ 4.3 ಮೀ. ಒಳಗೆ. ಅಲ್ಲಿಗೆ ಇಡೀ ಕಟ್ಟಡದಲ್ಲಿ ಸಿಕ್ಕಿಕೊಳ್ಳೋದು ಮುಂದಿನ ಒಂದು ಸಾಲು ಕಾಲಂ ಮಾತ್ರ. ಆ ಸಾಲು ಗಡಿಯಿಂದ 2 ಮೀ. ಒಳಗಿದ್ರೆ ಗೆರೆ ಅಲ್ಲಿ 9.3 ಮೀಟರಿಗೆ ಸಿಗುತ್ತೆ. ಆ ಸಾಲಿಗೆ ಪೈಲ್ ಹಾಕಿ, 7ರಿಂದ 9.3ರ ತನಕ ಡಬಲ್ ಕೇಸಿಂಗ್ (ಒಂದರೊಳಗೊಂದು ಎರಡು ಉಕ್ಕಿನ ಕೊಳವೆ), ನಡುವೆ ಬಿಟುಮೆನ್, ಅಲ್ಲಿ ಮಣ್ಣಿಗೆ ಭಾರ ದಾಟಬಾರದು. ಅದರ ಕೆಳಗೆ ಬಂಡೆಯಲ್ಲಿ ಸಾಕೆಟ್, ಅಂದ್ರೆ ಪೈಲಿನ ತುದಿ ಬಂಡೆಯೊಳಗೆ ಕೂರಬೇಕು. ಹಿಂದಿನ ಭಾಗ ರಾಫ್ಟ್ ಇರಲಿ. ಒಪ್ಪಿದೆ, ಪೂರ್ತಿ ಪೈಲ್ ಬೇಡ.

ಗಟ್ಟಿಬಂಡೆ:
ಪೂರ್ತಿ ಬೇಡ ಅಂದಿದ್ದಕ್ಕೆ ಖುಷಿ. ಆದ್ರೆ ಮುಂದೆ ಪೈಲ್, ಹಿಂದೆ ರಾಫ್ಟ್ ಅಂದ್ರೆ ಎರಡರ ಕುಸಿತ ಬೇರೆ ಬೇರೆ.

ಕಂಬತೊಲೆ:
ಅದಕ್ಕೆ ಎರಡರ ನಡುವೆ ಪೋರ್ ಸ್ಟ್ರಿಪ್ ಬಿಡೋದು. ಒಂದು ಮೀ. ಅಗಲ, ಕಬ್ಬಿಣ ಮುಂದುವರಿದಿರಲಿ, ಕಾಂಕ್ರೀಟ್ ಮಾತ್ರ ಮೇಲಿನ ಮಹಡಿಗಳು ಎದ್ದ ಮೇಲೆ. ಆ ಹೊತ್ತಿಗೆ ರಾಫ್ಟ್ ಕೂರೋದಷ್ಟೂ ಕೂತಿರುತ್ತೆ. ನೀರು ಬರೋ ಕಡೆ ಸ್ಟ್ರಿಪ್ಪಿನ ಕೆಳಗೆ ವಾಟರ್‌ಸ್ಟಾಪ್ ಇರೋ ತೆಳು ಸ್ಲ್ಯಾಬ್ ಮೊದಲೇ ಹಾಕಬೇಕು.

ರಿಗ್ ಮಾಸ್ತರ:
ಬುನಾದಿ ಆತು. ಗುಂಡಿ ಗ್ವಾಡಿ ಬಗ್ಗೆ ಯಾರೂ ಮಾತಾಡವಲ್ಲರಿ. ಬೆಂಗಳೂರಾಗ ಬೇಸ್‌ಮೆಂಟ್ ಅಂದ್ರ ಸಾಯಿಲ್ ನೇಲಿಂಗ್, ಇಲ್ಲಾ ಆ್ಯಂಕರ್, ಗ್ವಾಡಿ ಹಿಂದಿನ ಮಣ್ಣಿನಾಗ ಓರಿ ತೂತು ಕೊರದು ಕಬ್ಬಿಣ ಇಳಿಸಿ ಗ್ರೌಟ್ ಮಾಡೋದು. ಎರಡೂ ರಸ್ತೆ ಅಡಿಗೇ ಹೋಗ್ತಾವ. ಗ್ವಾಡಿ ಸುರಂಗದಿಂದ 8 ಮೀ. ಐತಿ ಅಂದ್ಕೋರಿ. ಎರಡನೇ ಸಾಲಿನ ಆ್ಯಂಕರ್ 5 ಮೀ. ಆಳದಾಗ ಶುರು, 20 ಡಿಗ್ರಿ, 18 ಮೀ. ಉದ್ದ. ಅದು ಸುರಂಗದ ಹೊರಮೈಗೆ 1.6 ಮೀಟರಿಗೆ ಹಾದು ಹೋಗತೈತಿ. ಗ್ರೌಟ್ ಒತ್ತೋ ಭಾಗನೂ ಅಲ್ಲೇ ಬರತೈತಿ. ಮ್ಯಾಲಿನ ಸಾಲಿಗೆ ಜಾಗಾ ಐತಿ, ಎರಡನೇದಕ್ಕ ಇಲ್ಲ.

ಜುರಾಂಗ್ ಕನ್ನಡಿಗ:
ರಸ್ತೆ ಕಡೆ ಆ್ಯಂಕರ್ ಪೂರ್ತಿ ಬಿಡಿ. ಮುಂದಿನಿಂದ ಹಿಂದಕ್ಕೆ 27 ಮೀ., ಅಷ್ಟುದ್ದ ಸ್ಟ್ರಟ್ (ಗೋಡೆಗೆ ಆನಿಸೋ ಅಡ್ಡತೊಲೆ) ಕೊಟ್ರೆ ಬಾಗುತ್ತೆ. ಎರಡು ದಾರಿ ಇದೆ. ಒಂದು ಟಾಪ್-ಡೌನ್: ಮೊದಲು ನೆಲಮಟ್ಟದ ಸ್ಲ್ಯಾಬ್ ಹಾಕಿ ಅದರಡಿ ಅಗೆಯೋದು. ಗೋಡೆ ಕಮ್ಮಿ ಸರಿಯುತ್ತೆ, ಕೆಲಸ ನಿಧಾನ. ಇನ್ನೊಂದು, ಗುಂಡಿಯ ನಡುವೆ ಹಾಗೂ ಹಿಂದೆ ಮೊದಲು ಅಗೆದು ಅಲ್ಲಿನ ರಾಫ್ಟ್ ಹಾಕೋದು, ಮುಂದಿನ ಗೋಡೆಗೆ ಮಣ್ಣಿನ ಇಳಿಜಾರು ಒರಗಿಸಿ ಬಿಡೋದು, ರಾಫ್ಟಿಂದ ಗೋಡೆಗೆ ಓರೆ ಸ್ಟ್ರಟ್ ಕೊಟ್ಟು ಜ್ಯಾಕಲ್ಲಿ ಒತ್ತಿ ಆಮೇಲೆ ಆ ಇಳಿಜಾರು ತೆಗೆಯೋದು. ನಿಮ್ಮ ಅಳತೆಗೆ ಎರಡನೇದು ಅಗ್ಗ. ಗೋಡೆ ಮಾತ್ರ ಸೀಕೆಂಟ್ ಪೈಲೇ (ಒಂದನ್ನೊಂದು ಕಚ್ಚಿಕೊಂಡ ಪೈಲುಗಳ ಸಾಲು) ಇರಲಿ. ಸಂದು ಬಿಟ್ಟ ಪೈಲುಗಳ ನಡುವೆ ನೀರಿನ ಜೊತೆ ನುಣ್ಣನೆ ಮಣ್ಣೂ ಸೋರಿ ಬರುತ್ತೆ, ರಸ್ತೆಯಡಿ ಟೊಳ್ಳಾಗುತ್ತೆ.

ಗಟ್ಟಿಬಂಡೆ:
ಪಂಪ್ ಬಗ್ಗೆಯೂ ಹೇಳಬೇಕು. ಸುರಂಗದ ಸುತ್ತ ನೀರಿನ ಮಟ್ಟ ಒಂದು ಮೀ. ಇಳಿದ್ರೆ ಮಣ್ಣಿನ ಮೇಲೆ ಸುಮಾರು 10 ಕಿಲೋಪಾಸ್ಕಲ್ ಹೆಚ್ಚುತ್ತೆ. ಎರಡು ಮೀಟರಿಗೆ ಹಾಂಗ್‌ಕಾಂಗಿನ 20 ಮುಗೀತು, ಒಂದು ಇಟ್ಟಿಗೆಯೂ ಇಡದೆ. ಗೋಡೆ ಹೊರಗೆ ಪೀಜೋಮೀಟರ್ (ನೆಲದೊಳಗಿನ ನೀರಿನ ಒತ್ತಡ ಅಳೆಯೋ ಸಾಧನ) ಇಲ್ಲದೆ ಪಂಪ್ ಸ್ವಿಚ್ ಹಾಕಬೇಡಿ. ಬಂಡೆ ಸಿಕ್ಕರೆ ಸ್ಫೋಟ ಇಲ್ಲ, ರಸ್ತೆ ಕಡೆ ಬ್ರೇಕರೂ ಬೇಡ. ತೂತು ಹೊಡೆದು ಉಬ್ಬೋ ಪುಡಿ ತುಂಬಿ ಸೀಳಿ, ಅಥವಾ ವೈರ್ ಸಾ (ತಂತಿ ಗರಗಸ) ಬಳಸಿ.

ಪೇಟೆಬೀದಿ:
ಇಷ್ಟು ಮಾಡಿ ಮೇಲೆ ಸುರಂಗದೊಳಗೆ ಮಾನಿಟರಿಂಗ್ ಖರ್ಚೂ ನಮ್ಮದೇ ಅಂತಾರೆ. 15 ಮಿ.ಮೀ. ಸರಿದಿದ್ದು ನಮ್ಮಿಂದಲೇ ಅಂತ ಹೇಗೆ ಗೊತ್ತಾಗುತ್ತೆ?

ಪ್ರಿಸಂ:
ಖರ್ಚು ನಿಮ್ಮದೇ ಆಗೋದು ನ್ಯಾಯ, ಅಗೆಯೋದು ನೀವು ತಾನೆ. ನಿಮ್ಮಿಂದಲೋ ಅಲ್ಲವೋ ಅನ್ನೋದಕ್ಕೆ ಕೆಲಸ ಶುರುವಾಗೋ ಮುಂಚಿನ ಬೇಸ್‌ಲೈನ್ ರೀಡಿಂಗೇ ಉತ್ತರ. ಕೆಲವು ವಾರ ಬಿಡದೆ ತಗೊಳ್ಳಿ, ದಿನದ ತಾಪಮಾನಕ್ಕೆ ಉಂಗುರ ಎಷ್ಟು ಆಡುತ್ತೆ ಅಂತ ಗೊತ್ತಾಗುತ್ತೆ. ಜೊತೆಗೆ ಇರೋ ಬಿರುಕು, ಸೋರಿಕೆ ಎಲ್ಲದರ ಫೋಟೊ, ಜಂಟಿ ಸಹಿ. ಇದಿಲ್ಲದಿದ್ರೆ ಹಳೇ ಸೋರಿಕೆಯೂ ನಿಮ್ಮ ತಲೆಗೇ.

ಸೈಟಿನ ಮುಂಭಾಗದ 18 ಮೀ., ಎರಡೂ ಬದಿ ಇನ್ನೊಂದು 20 ಮೀ., 5 ಮೀಟರಿಗೊಂದು ಉಂಗುರ, ಉಂಗುರಕ್ಕೆ ಐದು ಪ್ರಿಸಂ (ಅಳತೆಯ ಬೆಳಕನ್ನ ವಾಪಸ್ ಕಳಿಸೋ ಗಾಜು): ನೆತ್ತಿಗೊಂದು, ಪಕ್ಕಗಳಿಗೆರಡು, ಹಳಿ ಹಾಸಿನ ಬಳಿ ಎರಡು. ಅಳೆಯೋದು ಸ್ವಯಂಚಾಲಿತ ಟೋಟಲ್ ಸ್ಟೇಷನ್, ದೂರ-ಕೋನ ಅಳೆಯೋ ಸರ್ವೆ ಯಂತ್ರ. ತಪ್ಪಾಗೋದು ಇಲ್ಲೇ: ಸ್ಟೇಷನ್ನನ್ನೇ ಸರಿಯೋ ವಲಯದಲ್ಲಿ ಗೋಡೆಗೆ ಕೂರಿಸಿ, ರೆಫರೆನ್ಸ್ ಪ್ರಿಸಮ್ಮೂ ಅದೇ ವಲಯದಲ್ಲಿಟ್ರೆ, ಎಲ್ಲಾ ಒಟ್ಟಿಗೆ ಸರಿದು ರೀಡಿಂಗ್ ಸೊನ್ನೆ ತೋರಿಸುತ್ತೆ. ರೆಫರೆನ್ಸ್ ಎರಡೂ ತುದಿಯಲ್ಲಿ, ವಲಯದಾಚೆ ಇರಬೇಕು. ಬ್ರೇಕ್ ಧೂಳು ಪ್ರಿಸಂ ಮೇಲೆ ಕೂತು ರೀಡಿಂಗ್ ಹಾರುತ್ತೆ, ಒರೆಸೋಕೆ ಒಳಗೆ ಹೋಗಬೇಕಂದ್ರೆ ಕೊನೇ ರೈಲು ಹೋದ ಮೇಲೆ, ಥರ್ಡ್ ರೈಲಿನ (ಹಳಿ ಪಕ್ಕದ ವಿದ್ಯುತ್ ಪಟ್ಟಿಯ) 750 ವೋಲ್ಟ್ ಡಿಸಿ ಕಡಿತ ಮಾಡಿಸಿ. ರಾತ್ರಿಗೆ ಮೂರು ಗಂಟೆ ಸಿಕ್ಕರೆ ಹೆಚ್ಚು. ಮಿತಿಯ 70%ಗೆ ಎಚ್ಚರಿಕೆ, 100%ಗೆ ಕೆಲಸ ಬಂದ್. 15 ಮಿ.ಮೀ. ಮಿತಿಗೆ 10.5ರಲ್ಲೇ ಫೋನ್ ಬರುತ್ತೆ. ಆಗ ಏನು ಮಾಡ್ತೀರಿ ಅನ್ನೋದು ಮೊದಲೇ ಬರೆದಿರಬೇಕು, ಇಳಿಜಾರಿನ ಮಣ್ಣು ವಾಪಸ್ ತುಂಬೋದೂ ಸೇರಿ.

ಜುರಾಂಗ್ ಕನ್ನಡಿಗ:
ಎಲ್ಲಕ್ಕೂ ಮೊದಲು ಸುರಂಗ ಎಲ್ಲಿದೆ ಅಂತ ಖಾತ್ರಿ ಮಾಡ್ಕೊಳ್ಳಿ. 2013ರ ಮಾರ್ಚ್ 8ರಂದು ಲಂಡನ್ನಿನ ಓಲ್ಡ್ ಸ್ಟ್ರೀಟ್ ಬಳಿ ರೈಲು ಚಾಲಕರೊಬ್ಬರು ಸುರಂಗದ ಚಾವಣಿಯಿಂದ ನೀರು ಸುರೀತಿದೆ ಅಂತ ವರದಿ ಮಾಡಿದ್ರು. ಸುಮಾರು 13 ಮೀ. ಮೇಲೆ ಪೈಲಿಂಗ್ ನಡೀತಿತ್ತು, ಡ್ರಿಲ್ ಸುರಂಗವನ್ನ ತೂರಿತ್ತು. ವಿನ್ಯಾಸ ಮಾಡಿದವರಿಗೆ ಕೆಳಗೆ ಸುರಂಗ ಇರೋದೇ ಗೊತ್ತಿರಲಿಲ್ಲ.

ನಕ್ಷೆಮನೆ:
ನಮಗೆ ಗೊತ್ತಿದೆ, 11 ಮೀ. ಅಂತ ನಕ್ಷೆಯಲ್ಲೇ ಇದೆ.

ಪ್ರಿಸಂ:
ಯಾವ ನಕ್ಷೆ ಸರ್? ಆರ್ಕಿಟೆಕ್ಟ್ ಸರ್ವೆಯಲ್ಲಿ ಗೇಟಿನ ಹತ್ರ ಒಂದು ಕಲ್ಲಿಗೆ ಆರ್‌ಎಲ್ (ಮಟ್ಟದ ಅಂಕಿ) 100.000 ಅಂತ ಬರೆದು ಶುರು ಮಾಡಿರ್ತಾರೆ. ಮೆಟ್ರೊ ಡ್ರಾಯಿಂಗ್ ಸಮುದ್ರಮಟ್ಟದಿಂದ, ಒಂಬೈನೂರು ಚಿಲ್ಲರೆ ಮೀ. ನಿಮ್ಮ ಬೆಂಚ್‌ಮಾರ್ಕನ್ನ ಮೆಟ್ರೊ ಕಂಟ್ರೋಲ್ ಪಾಯಿಂಟಿಗೆ ಜೋಡಿಸಿ, ಆಸ್-ಬಿಲ್ಟ್ (ನಿಜಕ್ಕೂ ಕಟ್ಟಿದ ಜಾಗದ) ನಿರ್ದೇಶಾಂಕದಿಂದ ಸೆಕ್ಷನ್ ಎಳೆಸಿ. "ರಸ್ತೆಯಿಂದ 11 ಮೀ." ಅಂದ್ರೆ ಯಾವ ರಸ್ತೆ ಮಟ್ಟ? ಆಮೇಲೆ ಎರಡು ಸಲ ಡಾಂಬರು ಬಿದ್ದಿರುತ್ತೆ.

ರಿಗ್ ಮಾಸ್ತರ:
ಮಣ್ಣು ಪರೀಕ್ಷಾ ಬೋರಿಗೂ ಮೊದಲ ಅನುಮತಿ ತಗೋರಿ, ಅದೂ ತೂತೇ. ಸೈಟಿನಾಗ ಹಳೇ ಬೋರ್‌ವೆಲ್ ಇದ್ರ ಅದನ್ನ ಮರೀಬ್ಯಾಡ್ರಿ. ಗುಂಡಿ ತೆಗದಾಗ ತಳದಿಂದ ನೀರು ಬರೋ ದಾರಿ ಅದ. ತಳದ ತನಕ ಪೈಪ್ ಇಳಿಸಿ ಸಿಮೆಂಟ್-ಬೆಂಟೊನೈಟ್ ಗ್ರೌಟ್ ಕೆಳಗಿಂದ ಮ್ಯಾಲಕ್ಕ ತುಂಬ್ರಿ. ಮ್ಯಾಲಿಂದ ಸುರುವಿದ್ರ ನಡುವ ಸಿಕ್ಕೊಂಡು ಕೆಳಗ ಟೊಳ್ಳ ಉಳೀತೈತಿ.

ಪೇಟೆಬೀದಿ:
ಹಳೇದು ಮುಚ್ಚಿ, ಹೊಸದನ್ನ ಹಿಂದಿನ ಮೂಲೆಯಲ್ಲಿ ಹೊಡೆಸಬಹುದಲ್ಲ? ಸುರಂಗಕ್ಕೆ 30 ಮೀ. ದೂರ ಆಗುತ್ತೆ.

ಗಟ್ಟಿಬಂಡೆ:
ಬೋರ್‌ವೆಲ್ ಡ್ರಿಲ್ಲಿಗೆ ಪೈಲಿನ ಹಾಗೆ ವಾಲಿಕೆಯ ಹತೋಟಿ ಇಲ್ಲ, ಬಂಡೆ ಸೀಳು ಎಳೆದ ಕಡೆ ಹೋಗುತ್ತೆ. ಥಾಣೆಯಲ್ಲಿ ಬೋರ್‌ವೆಲ್ ಕೊರೆದು ಮುಂಬೈನ ನೀರಿನ ಸುರಂಗ ತೂತಾಗಿ, ದುರಸ್ತಿಗೆ ಅಂತ 2023ರಲ್ಲಿ ಒಂದು ತಿಂಗಳು 15% ನೀರು ಕಡಿತ ಮಾಡಿದ್ರು. 30 ಮೀ. ದೂರದಲ್ಲಿ, ಸುರಂಗ ಇರೋದು 17 ಮೀ. ಆಳದ ಒಳಗೆ ಅಂದಮೇಲೆ, ಡ್ರಿಲ್ ತಾಗೋ ಭಯ ಇಲ್ಲ. ಭಯ ನೀರು ಎಳೆಯೋದ್ರದ್ದು. ಅದನ್ನೂ ಎನ್‌ಒಸಿ ಅರ್ಜಿಯಲ್ಲೇ ತೋರಿಸಿ, ಮೊದಲ 20 ಮೀಟರಿಗೆ ಕೇಸಿಂಗ್ ಇಳಿಸಿ ಸುತ್ತ ಗ್ರೌಟ್ ಮಾಡಿಸಿ, ಮೇಲಿನ ಮಣ್ಣಿನ ನೀರು ಬೋರಿಗೆ ಇಳಿಯಬಾರದು.

ನಕ್ಷೆಮನೆ:
ಸರಿ. ಮುಂದಿನ ಸಾಲಿಗೆ ಪೈಲ್, ಹಿಂದೆ ರಾಫ್ಟ್, ರಸ್ತೆ ಕಡೆ ಸೀಕೆಂಟ್ ಗೋಡೆಗೆ ಓರೆ ಸ್ಟ್ರಟ್ ಅಂತ ಸೆಕ್ಷನ್ ಹೊಸದಾಗಿ ಎಳೆಸ್ತೀನಿ. ಬೆಂಚ್‌ಮಾರ್ಕ್ ಮೊದಲು.