ಡೈವೋರ್ಸ್ ಆಯಿತು, ಮನೆ ಉಳಿಯಿತು, ಲೀಗಲ್ ಏಡ್ ಖರ್ಚು ಮನೆ ಮೇಲೆ ಕೂತಿದೆ: ಈಗಲೇ ತೀರಿಸಲಾ, ಬಿಡಲಾ?

ಲೆಸ್ಟರ್‌ನಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಕೋರ್ಟ್ ಆರ್ಡರ್ ಬಂತು, ಮನೆ ನನ್ನ ಹೆಸರಿಗೆ ಆಯಿತು. ಮಗ ಇಯರ್ 8ರಲ್ಲಿದ್ದಾನೆ. ಈಗ ಸಾಲಿಸಿಟರ್ ಕಾಗದ ಕಳಿಸಿದ್ದಾರೆ. ಲೀಗಲ್ ಏಡ್ ಖರ್ಚು, ಅಂದರೆ ಇಲ್ಲಿ ಇಂಗ್ಲೆಂಡಿನಲ್ಲಿ ನನ್ನ ವಕೀಲರಿಗೆ ಸರ್ಕಾರ ಮೊದಲು ಕೊಟ್ಟ ದುಡ್ಡು, 17,400 ಪೌಂಡ್ ಅಂತೆ. ಅದನ್ನು ಸ್ಟ್ಯಾಚುಟರಿ ಚಾರ್ಜ್ (ಕಾನೂನು ಪ್ರಕಾರದ ಸಾಲ) ಅಂತ ಲ್ಯಾಂಡ್ ರಿಜಿಸ್ಟ್ರಿಯಲ್ಲಿ (ಆಸ್ತಿ ನೋಂದಣಿ ಕಚೇರಿ) ಮನೆ ಮೇಲೆ ಹಾಕುತ್ತಾರೆ, ಮನೆ ಮಾರುವ ತನಕ ವರ್ಷಕ್ಕೆ ಶೇಕಡಾ 8 ಬಡ್ಡಿ. ನಾನು ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್. ತಿಂಗಳ ಕೊನೆಗೆ 90 ಪೌಂಡ್ ಉಳಿದರೆ ಅದೇ ಜಾಸ್ತಿ. ಹಾಸನದಲ್ಲಿ ಅಪ್ಪ ಸೈಟ್ ಮಾರಿ ದುಡ್ಡು ಕಳಿಸುತ್ತೇನೆ ಅನ್ನುತ್ತಿದ್ದಾರೆ. ತೀರಿಸಿಬಿಡಲಾ, ಹಾಗೇ ಬಿಡಲಾ? ಇದನ್ನು ದಾಟಿ ಬಂದವರು ಹೇಳಿ.

ಕ್ರಾಯ್ಡನ್‌ನಿಂದ:
ತೀರಿಸು ತಂಗಿ, ಒಂದು ದಿನವೂ ಬಿಡಬೇಡ. ನನ್ನದು 2008ರ ಕೇಸು. ಬಿಲ್ 11,250 ಪೌಂಡ್. ನನ್ನ ವಕೀಲರು ಫೈಲ್ ಮುಚ್ಚುವ ದಿನ "ಇದು ಮನೆ ಮಾರುವಾಗ ನೋಡಿಕೊಂಡರೆ ಸಾಕು" ಅಂದರು. ನಾನು ನಂಬಿದೆ. ವರ್ಷಕ್ಕೆ ಒಂದು ಸ್ಟೇಟ್‌ಮೆಂಟ್ ಬರುತ್ತಿತ್ತು, ಡ್ರಾಯರ್‌ಗೆ ಹಾಕುತ್ತಿದ್ದೆ. ತೆಗೆದು ಓದುವ ಧೈರ್ಯ ಇರಲಿಲ್ಲ. ವರ್ಷಕ್ಕೆ 900 ಪೌಂಡ್, ಅಂದರೆ ತಿಂಗಳಿಗೆ 75. 2022ರಲ್ಲಿ ಮನೆ ಮಾರಿದೆ. 14 ವರ್ಷದ ಬಡ್ಡಿಯೇ 12,600! ಅಸಲು ಸೇರಿ 23,850 ಪೌಂಡ್ ಮಾರಿದ ದುಡ್ಡಲ್ಲೇ ಕಟ್ ಆಯಿತು. ಮಗಳ ಮದುವೆಗೆ ಅಂತ ಲೆಕ್ಕ ಇಟ್ಟಿದ್ದು 25,000. ಕನ್ವೆಯನ್ಸರ್ (ಮನೆ ಮಾರಾಟದ ಕಾಗದಪತ್ರ ನೋಡುವವರು) ಕಳಿಸಿದ ಲೆಕ್ಕದ ಹಾಳೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತು ಅತ್ತೆ. ತಿಂಗಳಿಗೆ 75 ನನಗೆ ಕಷ್ಟ ಇರಲಿಲ್ಲ, ಮೊದಲ ವರ್ಷದಿಂದ ಕಟ್ಟಬಹುದಿತ್ತು. ಯಾರೂ ಹೇಳಲಿಲ್ಲ.

ಮಿಲ್ಟನ್ ಕೀನ್ಸ್‌ನಿಂದ:
ಅಕ್ಕ, ನಿಮ್ಮ ನೋವು ಅರ್ಥ ಆಗುತ್ತದೆ, ಆದರೆ ಹೀಗೆ ಹೆದರಿಸಬೇಡಿ. ನಾನು ಬಿಟ್ಟೆ, ಬಿಟ್ಟಿದ್ದಕ್ಕೆ ನನಗೆ ಹೆಮ್ಮೆ ಇದೆ. ನನ್ನ ಚಾರ್ಜ್ 9,600, ತಿಂಗಳಿಗೆ 64 ಪೌಂಡ್ ಬಡ್ಡಿ. ಇದು ಸರಳ ಬಡ್ಡಿ, ಚಕ್ರಬಡ್ಡಿ ಅಲ್ಲ. ಬಡ್ಡಿ ಮೇಲೆ ಬಡ್ಡಿ ಬೆಳೆಯುವುದಿಲ್ಲ. ಯಾರೂ ಬಾಗಿಲು ತಟ್ಟುವುದಿಲ್ಲ, ಮನೆ ಬಿಡು ಅನ್ನುವುದಿಲ್ಲ. ಆಗ ನನ್ನ ಹತ್ತಿರ ಇದ್ದಿದ್ದು ಎರಡು ಮಕ್ಕಳು, ಒಂದು ಹಳೇ ವಾಕ್ಸ್‌ಹಾಲ್ ಕಾರು. ಆ 64 ಪೌಂಡಲ್ಲಿ ಮಕ್ಕಳ ಊಟ ಆಯಿತು, ನನ್ನ ನರ್ಸಿಂಗ್ ಕೋರ್ಸಿನ ಬಸ್ ಖರ್ಚು ಆಯಿತು. ಇವತ್ತು ನಾನು ಬ್ಯಾಂಡ್ 6 ನರ್ಸ್.

ನನಗೆ ಪೆಟ್ಟು ಬಿದ್ದಿದ್ದು ಮನೆ ಬದಲಾಯಿಸುವಾಗ. ಹಳೇ ಮನೆಯ ಚಾರ್ಜನ್ನು ಹೊಸ ಮನೆಗೆ ವರ್ಗಾಯಿಸಬಹುದು, ಹೊಸ ಮನೆಯಲ್ಲಿ ಸಾಕಷ್ಟು ಇಕ್ವಿಟಿ (ಮನೆ ಬೆಲೆಯಲ್ಲಿ ಸಾಲ ಕಳೆದು ಉಳಿಯುವ ನಮ್ಮ ಪಾಲು) ಇರಬೇಕು, ಮೊದಲೇ ಅರ್ಜಿ ಹಾಕಿ ಒಪ್ಪಿಗೆ ತೆಗೆದುಕೊಳ್ಳಬೇಕು. ನನ್ನ ಕನ್ವೆಯನ್ಸರ್‌ಗೆ ನಾನು ಮೊದಲ ದಿನವೇ ಹೇಳಿದ್ದೆ. ಅವರು ಅರ್ಜಿ ಹಾಕಿದ್ದು ಎಕ್ಸ್‌ಚೇಂಜ್‌ಗೆ (ಕರಾರು ಪಕ್ಕಾ ಆಗುವ ದಿನಕ್ಕೆ) ಒಂಬತ್ತು ದಿನ ಇರುವಾಗ! ಚೈನ್‌ನಲ್ಲಿ (ಒಂದಕ್ಕೊಂದು ಕೊಂಡಿ ಹಾಕಿದ ಮನೆ ಮಾರಾಟಗಳ ಸಾಲಿನಲ್ಲಿ) ಮೇಲಿನವರು ಬಿಟ್ಟು ಹೋಗುತ್ತೇವೆ ಅಂದರು. ಐದು ವಾರ ತಡ ಆಯಿತು. ಸಾಮಾನು ಗೋಡೌನ್‌ನಲ್ಲಿ ಇಟ್ಟಿದ್ದಕ್ಕೆ 310, "ಹೆಚ್ಚುವರಿ ಕೆಲಸ" ಅಂತ ಅದೇ ಕನ್ವೆಯನ್ಸರ್‌ಗೆ 350, ಅದರ ಮೇಲೆ ವ್ಯಾಟ್ 70. ಒಟ್ಟು 730 ಪೌಂಡ್ ಅವರ ತಪ್ಪಿಗೆ ನಾನು ಕೊಟ್ಟೆ.

ಕ್ರಾಯ್ಡನ್‌ನಿಂದ:
ನಾನು ಯಾರನ್ನೂ ಹೆದರಿಸುತ್ತಿಲ್ಲ, ನನ್ನ ಲೆಕ್ಕ ಹೇಳಿದೆ ಅಷ್ಟೇ. ಸರಳ ಬಡ್ಡಿ ಅಂದ ಮಾತ್ರಕ್ಕೆ 8 ಹೋಗಿ 3 ಆಗುತ್ತದಾ? 2021ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ದರ 0.1 ಇತ್ತು, ಶೇಕಡಾ 2ಕ್ಕಿಂತ ಕಡಿಮೆಗೆ ಮಾರ್ಗೇಜ್ ಸಿಗುತ್ತಿತ್ತು. ಆಗ ರೀಮಾರ್ಗೇಜ್ ಮಾಡಿ (ಮನೆ ಸಾಲ ಹೊಸದಾಗಿ ತೆಗೆದು) ಚಾರ್ಜ್ ತೀರಿಸಿದ್ದರೆ ನಿಮಗೂ ಉಳಿಯುತ್ತಿತ್ತು, ನನಗೂ ಉಳಿಯುತ್ತಿತ್ತು.

ಮಿಲ್ಟನ್ ಕೀನ್ಸ್‌ನಿಂದ:
ವರ್ಷಕ್ಕೆ 16,000 ಸಂಬಳ, ಎರಡು ಮಕ್ಕಳು, ಒಬ್ಬಳೇ ಹೆಂಗಸು. ಯಾವ ಬ್ಯಾಂಕ್ ನನಗೆ ಇನ್ನೂ ಹತ್ತು ಸಾವಿರ ಕೊಡುತ್ತಿತ್ತು ಹೇಳಿ. ಮೂರು ಕಡೆ ಕೇಳಿದೆ, ಮೂರೂ ಕಡೆ ಇಲ್ಲ ಅಂದರು. ಗೊತ್ತಿಲ್ಲದೆ ಮಾತಾಡಬೇಡಿ.

ಕೊವೆಂಟ್ರಿಯಿಂದ:
ನಾನು ಗಂಡಸು, ಆದರೂ ಬರೆಯುತ್ತೇನೆ. ನೀವೆಲ್ಲ 8 ಪರ್ಸೆಂಟ್ ಅಂತ ಇಷ್ಟು ನೋಯುತ್ತಿದ್ದೀರಿ. ನನಗೆ ಲೀಗಲ್ ಏಡ್ ಸಿಗಲೇ ಇಲ್ಲ. 2013ರ ಏಪ್ರಿಲ್‌ನಿಂದ ಡೈವೋರ್ಸ್ ಕೇಸಿಗೆ ದೌರ್ಜನ್ಯದ ಪುರಾವೆ ಇಲ್ಲದಿದ್ದರೆ ಏನೂ ಇಲ್ಲ. ವಕೀಲರಿಗೆ ಗಂಟೆಗೆ 230 ಪೌಂಡ್, ಮೇಲೆ ವ್ಯಾಟ್. ಒಟ್ಟು 31,000 ಕೊಟ್ಟೆ. ಅದರಲ್ಲಿ 12,000 ಎರಡು ಕ್ರೆಡಿಟ್ ಕಾರ್ಡಲ್ಲಿ, ಬಡ್ಡಿ ಶೇಕಡಾ 24. ಆಮೇಲೆ ಮಗನ ಬಗ್ಗೆ ನಡೆದ ವಿಚಾರಣೆಗೆ ದುಡ್ಡು ಮುಗಿದು ಕೋರ್ಟಿನಲ್ಲಿ ನಾನೇ ನಿಂತು ಮಾತಾಡಿದೆ. ಕೈ ನಡುಗುತ್ತಿತ್ತು, ಕಾಗದದ ಪುಟ ಸಿಗುತ್ತಿರಲಿಲ್ಲ. ಆ ಕಡೆ ಸರ್ಕಾರಿ ದುಡ್ಡಲ್ಲಿ ಬ್ಯಾರಿಸ್ಟರ್. ಇದು ನ್ಯಾಯನಾ?

ಬರ್ಮಿಂಗ್‌ಹ್ಯಾಮ್‌ನಿಂದ:
ಸಾರ್, "ಸರ್ಕಾರಿ ದುಡ್ಡು" ಅಲ್ಲ. ಅದನ್ನೇ ಇಲ್ಲಿ ಎಲ್ಲರೂ ಬಡ್ಡಿ ಸೇರಿಸಿ ವಾಪಸ್ ಕೊಡುತ್ತಿರುವುದು. ಇನ್ನು ಪುರಾವೆ ಅಂದಿರಲ್ಲ, ನನ್ನನ್ನು ಕೇಳಿ. ನಾನು ಮೊದಲು ಹೋದಾಗ ಎರಡು ವರ್ಷದ ಒಳಗಿನ ಪುರಾವೆ ಬೇಕು ಅಂತಿತ್ತು. ಪೊಲೀಸರು ಬಂದಿದ್ದು ಎರಡು ವರ್ಷ ಮೂರು ತಿಂಗಳ ಹಿಂದೆ. ಮೂರು ತಿಂಗಳಿಗೆ ತಪ್ಪಿತು! 2016ರಲ್ಲಿ ಅಪೀಲ್ ಕೋರ್ಟ್ ಆ ನಿಯಮ ಸರಿ ಇಲ್ಲ ಅಂದಿತು. ಆಮೇಲೆ ಐದು ವರ್ಷ ಮಾಡಿದರು, 2018ರ ಜನವರಿಯಿಂದ ಕಾಲಮಿತಿಯನ್ನೇ ತೆಗೆದರು. ಅಷ್ಟರಲ್ಲಿ ನಾನು ಒಂದೂವರೆ ವರ್ಷ ಅದೇ ಮನೆಯಲ್ಲಿ ಅದೇ ಮನುಷ್ಯನ ಜೊತೆ ಇದ್ದೆ. ಜಿಪಿ (ನಮ್ಮ ಏರಿಯಾ ಡಾಕ್ಟರ್) ಹತ್ತಿರ ಪತ್ರ ಕೇಳುವಾಗ ಮೈ ಮೇಲಿನ ಗುರುತು ತೋರಿಸಬೇಕಾಯಿತು. ನಿಮ್ಮ ಕಷ್ಟ ಸಣ್ಣದು ಅನ್ನುತ್ತಿಲ್ಲ, ಆದರೆ ನಮಗೇನೋ ಸುಮ್ನೆ ಸಿಕ್ಕಿತು ಅನ್ನಬೇಡಿ.

ಲೆಸ್ಟರ್ ತಂಗಿ, ತೀರಿಸುವುದು ಬಿಡುವುದು ಆಮೇಲೆ. ಮೊದಲು ಆ 17,400 ಹೇಗೆ ಬಂತು ಕೇಳು. ಬಿಲ್ಲಿನ ಪ್ರತಿ ತರಿಸು. ಕೊಡುವವಳು ನೀನು, ಅದನ್ನು ನೋಡುವ, ಪ್ರಶ್ನೆ ಮಾಡುವ ಹಕ್ಕು ನಿನಗಿದೆ. ಬಿಲ್ ಕಡಿಮೆ ಆದರೆ ಚಾರ್ಜೂ ಕಡಿಮೆ. ಅವರು ಟೈಮ್ ಬರೆಯುವುದು ಆರು ನಿಮಿಷದ ಲೆಕ್ಕದಲ್ಲಿ. ಒಂದು ಫೋನ್ ಒಂದು ಯೂನಿಟ್, ಒಂದು ಕಾಗದ ಒಂದು ಯೂನಿಟ್. ನಾನು ಮೂರು ರಾತ್ರಿ ಕೂತು ಪೆನ್ಸಿಲ್ ಹಿಡಿದು ನೋಡಿದೆ. ಒಂದೇ ಕಾಗದ ಎರಡು ಸಲ ಬರೆದಿದ್ದು 19 ಕಡೆ. ನಾನು ಹೋಗದೇ ಇದ್ದ ಒಂದು ಮೀಟಿಂಗ್ ಬೇರೆ ಇತ್ತು. ಕೊನೆಗೆ 1,140 ಪೌಂಡ್ ಇಳಿಯಿತು. ಆದರೆ ಅದೇ ಬಿಲ್ಲಲ್ಲಿ ನನ್ನ ತಪ್ಪೂ ಕಂಡಿತು. ಸೋಫಾ ಯಾರಿಗೆ, ಪೂಜೆಯ ಬೆಳ್ಳಿ ದೀಪ ಯಾರಿಗೆ ಅಂತ ನಾನು ವಕೀಲರಿಗೆ 40ಕ್ಕೂ ಜಾಸ್ತಿ ಮೇಲ್ ಹಾಕಿದ್ದೆ. ಅದೆಲ್ಲವೂ ಈಗ ನನ್ನ ಮನೆ ಮೇಲೆ ಇದೆ. ದೀಪ ಅವನೇ ತೆಗೆದುಕೊಂಡು ಹೋದ.

ಕೊವೆಂಟ್ರಿಯಿಂದ:
ಮೇಡಂ, ಅದು ನನಗೆ ಗೊತ್ತಿರಲಿಲ್ಲ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಕ್ರೆಡಿಟ್ ಕಾರ್ಡಿನ ಮಾತು ತೆಗೆದುಕೊಳ್ಳುವುದಿಲ್ಲ.

ಬೆಂಗಳೂರಿನಿಂದ:
ಇದನ್ನೆಲ್ಲ ಓದಿ ಆಶ್ಚರ್ಯ ಆಯಿತು. ನಮ್ಮಲ್ಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, ಸೆಕ್ಷನ್ 12, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು. ಮನೆ ಮೇಲೆ ಸಾಲ ಬರೆಸುವ ಮಾತೇ ಇಲ್ಲ. ಇಲ್ಲಿಗೆ ಬಂದು ಕೇಸ್ ಹಾಕಬಹುದಿತ್ತಲ್ವಾ?

ಕ್ರಾಯ್ಡನ್‌ನಿಂದ:
ಮನೆ ಲೆಸ್ಟರ್‌ನಲ್ಲಿ, ಮಗ ಲೆಸ್ಟರ್‌ನಲ್ಲಿ, ಗಂಡನ ಸಂಬಳ ಇಲ್ಲಿ. ಬೆಂಗಳೂರಲ್ಲಿ ಕೇಸ್ ಹಾಕಿ ಏನು ತೆಗೆದುಕೊಳ್ಳಬೇಕಿತ್ತು?

ತುಮಕೂರಿನಿಂದ:
ಉಚಿತ ಅಂದವರಿಗೆ ನನ್ನ ಉತ್ತರ. ನನಗೂ ಉಚಿತ ವಕೀಲರೇ ಸಿಕ್ಕಿದ್ದು. ನಾಲ್ಕು ವರ್ಷ, 37 ಡೇಟ್. ಪ್ರತಿ ಡೇಟಿಗೆ ಬೆಂಗಳೂರಿಗೆ ಬಸ್, ಅವತ್ತಿನ ಗಾರ್ಮೆಂಟ್ಸ್ ಕೂಲಿ ಕಟ್, ಮಗುವನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ 100 ರೂಪಾಯಿ. ಮೂರು ಸಲ ವಕೀಲರು ಬದಲಾದರು, ಮೂರು ಸಲವೂ ಮೊದಲಿನಿಂದ ನನ್ನ ಕಥೆ ಹೇಳಿದೆ. ಬಡ್ಡಿ ಇಲ್ಲ ನಿಜ. ಮನೆಯೂ ಇಲ್ಲ.

ಬೆಂಗಳೂರಿನಿಂದ:
ನಿಮ್ಮ ಒಬ್ಬರ ಅನುಭವ ಎಲ್ಲರದ್ದೂ ಅಲ್ಲ. ನನ್ನ ತಂಗಿಗೆ ಪ್ಯಾನೆಲ್ ವಕೀಲರೇ (ಉಚಿತ ಸೇವೆಯ ಪಟ್ಟಿಯಲ್ಲಿರುವವರು) 14 ತಿಂಗಳಲ್ಲಿ ಜೀವನಾಂಶ ಕೊಡಿಸಿದರು. ಕಷ್ಟಪಟ್ಟು ಕೆಲಸ ಮಾಡುವವರಿದ್ದಾರೆ, ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ತುಮಕೂರಿನಿಂದ:
ನಾನು ಯಾರನ್ನೂ ತಕ್ಕಡಿಗೆ ಹಾಕಿಲ್ಲ. ನನ್ನ 37 ಡೇಟ್ ಎಣಿಸಿ ಹೇಳಿದೆ.

ರೆಡಿಂಗ್‌ನಿಂದ:
ನಾನು ಸುಮ್ಮನೆ ಓದಿಕೊಂಡು ಹೋಗೋಣ ಅಂದುಕೊಂಡಿದ್ದೆ. "ಅಪ್ಪ ಸೈಟ್ ಮಾರುತ್ತಾರೆ" ಅನ್ನುವ ಮಾತು ಬಿಡಲಿಲ್ಲ.

ನನ್ನ ಚಾರ್ಜ್ 14,800. 2021ರಲ್ಲಿ ಮೈಸೂರಿನಲ್ಲಿ ಅಪ್ಪ 30-40ರ ಸೈಟ್ ಮಾರಿದರು. ರಿಟೈರ್ ಆದಾಗ ಬಂದ ಗ್ರ್ಯಾಚುಟಿಯಲ್ಲಿ ತೆಗೆದುಕೊಂಡಿದ್ದು. ನಾನೇ ಫೋನಲ್ಲಿ ಅತ್ತು ಮಾರಿಸಿದೆ. ಮಗಳಿಗೆ ಅರ್ಜೆಂಟ್ ಅಂತ ಬ್ರೋಕರ್‌ಗೆ ಗೊತ್ತಾಗಿ ಬೆಲೆ ಇಳಿಸಿದ. 15 ಲಕ್ಷ ದಾಟಿತು ಕಳಿಸಬೇಕಾದ ಮೊತ್ತ. ಏಳು ಲಕ್ಷದ ಮೇಲಿನದಕ್ಕೆ ಶೇಕಡಾ 5 ಟಿಸಿಎಸ್ (ಕಳಿಸುವಾಗಲೇ ಹಿಡಿಯುವ ತೆರಿಗೆ) ಅಂತ 40,000 ರೂಪಾಯಿ ಹತ್ತಿರ ಬ್ಯಾಂಕಿನಲ್ಲೇ ಹಿಡಿದರು. ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ, ಆದರೆ 74 ವರ್ಷದ ಅಪ್ಪ ಕೋವಿಡ್ ಕಾಲದಲ್ಲಿ ಮಾಸ್ಕ್ ಹಾಕಿಕೊಂಡು ಬ್ಯಾಂಕಿಗೆ ಆರು ಸಲ ಅಲೆದರು. ಒಂದು ಸಲ ಸಹಿ ಹೊಂದಲಿಲ್ಲ, ಒಂದು ಸಲ ಫಾರಂ ಹಳೇದು. ನನ್ನ ಮನೆ ಚಾರ್ಜ್‌ನಿಂದ ಬಿಡುಗಡೆ ಆಯಿತು. ಮುಂದಿನ ವರ್ಷ ಅಪ್ಪನಿಗೆ ಡಯಾಲಿಸಿಸ್ ಶುರುವಾಯಿತು, ಖರ್ಚಿಗೆ ಮಾರಲು ಏನೂ ಉಳಿದಿರಲಿಲ್ಲ. ಕೊನೆಗೆ ಇಲ್ಲಿ ನಾನು ಸಾಲ ಮಾಡಿ ಅಲ್ಲಿಗೆ ಕಳಿಸಿದೆ, ಶೇಕಡಾ 11ಕ್ಕೆ. ಎಂಟರ ಸಾಲ ತೀರಿಸಿ ಹನ್ನೊಂದರ ಸಾಲ. ಅಪ್ಪ ಹೋಗಿ ಎರಡು ವರ್ಷ ಆಯಿತು.

ಅವರು ಒಂದು ದಿನವೂ ಸೈಟಿನ ಮಾತು ಎತ್ತಲಿಲ್ಲ. ನನಗೆ ಅದೇ ಜಾಸ್ತಿ ಸುಡುವುದು.

ಕ್ರಾಯ್ಡನ್‌ನಿಂದ:
ರೆಡಿಂಗ್ ತಂಗಿ, ನಾನು ತೀರಿಸು ಅಂದಿದ್ದು ಅಪ್ಪನ ಆಸ್ತಿ ಮಾರಿ ಅಲ್ಲ. ಕೈಲಾದಷ್ಟು ಆಗಾಗ ಕಟ್ಟು ಅಂತ. ಮಾರುವ ತನಕ ಕಾಯಲೇಬೇಕು ಅಂತೇನಿಲ್ಲ, ಮಧ್ಯದಲ್ಲೂ ಕಟ್ಟಿದರೆ ತೆಗೆದುಕೊಳ್ಳುತ್ತಾರೆ.

ಮಿಲ್ಟನ್ ಕೀನ್ಸ್‌ನಿಂದ:
ಅವಳಿಗೆ ತಿಂಗಳಿಗೆ ಉಳಿಯುವುದು 90, ಬಡ್ಡಿಯೇ 116. ಇರುವ 90ನ್ನೂ ಅಲ್ಲಿ ಹಾಕಿ, ಬಾಯ್ಲರ್ ಕೆಟ್ಟ ದಿನ ಏನು ಮಾಡುತ್ತಾಳೆ? ಮೊದಲು ಮಗು, ಆಮೇಲೆ ಚಾರ್ಜ್.

ಕ್ರಾಯ್ಡನ್‌ನಿಂದ:
ನನ್ನ ಮಗುವೂ ಮಗುವೇ. ಅವಳ ಮದುವೆಯ ದುಡ್ಡು ಹೋಯಿತು ಅಂದೆನಲ್ಲ.

ಕೊವೆಂಟ್ರಿಯಿಂದ:
ಒಂದು ಮಾತು. ಇನ್ನೂ ಕೋರ್ಟಿಗೆ ಹೋಗದವರು ಯಾರಾದರೂ ಓದುತ್ತಿದ್ದರೆ ಮೊದಲು ಮೀಡಿಯೇಷನ್ (ಮಧ್ಯಸ್ಥಿಕೆ) ಕೇಳಿ. ಲೀಗಲ್ ಏಡ್ ಸಿಗುವವರಿಗೆ ಮೀಡಿಯೇಷನ್ ಉಚಿತ, ಅದರ ಖರ್ಚು ಮನೆ ಮೇಲೆ ಬರುವುದಿಲ್ಲ. ನಾನು ಸಿಟ್ಟಿನಲ್ಲಿ ಬೇಡ ಅಂದೆ. 31,000.

ಬರ್ಮಿಂಗ್‌ಹ್ಯಾಮ್‌ನಿಂದ:
ಹೊಡೆಯುವವನ ಎದುರು ಕೂತು ಮೀಡಿಯೇಷನ್ ಮಾಡು ಅನ್ನಬೇಡಿ ಸಾರ್. ಎಲ್ಲರಿಗೂ ಆಗುವುದಿಲ್ಲ.

ಕೊವೆಂಟ್ರಿಯಿಂದ:
ಅಂಥವರಿಗೆ ಹೇಳಿಲ್ಲ. ನನ್ನಂಥವರಿಗೆ ಹೇಳಿದೆ.

ಲೆಸ್ಟರ್‌ನಿಂದ:
ಎಲ್ಲವನ್ನೂ ಎರಡು ಸಲ ಓದಿದೆ. ಬಿಲ್ಲಿನ ಪ್ರತಿ ಬೇಕು ಅಂತ ಇವತ್ತು ಬೆಳಿಗ್ಗೆ ಸಾಲಿಸಿಟರ್‌ಗೆ ಮೇಲ್ ಹಾಕಿದೆ. ಅಪ್ಪನಿಗೆ ಫೋನ್ ಮಾಡಿ ಸೈಟ್ ಮಾರಬೇಡಿ ಅಂದೆ. ಬ್ರೋಕರ್ ಆಗಲೇ ಒಬ್ಬರನ್ನು ಕರೆತಂದು ತೋರಿಸಿ ಹೋಗಿದ್ದಾನಂತೆ. ಅಡ್ವಾನ್ಸ್ ತೆಗೆದುಕೊಂಡಿಲ್ಲ. ಬರ್ಮಿಂಗ್‌ಹ್ಯಾಮ್ ಅಕ್ಕ, ಪ್ರಶ್ನೆ ಮಾಡಿದ ಮೇಲೆ ನಿಮ್ಮ ವಕೀಲರು ಸಿಟ್ಟಾದರಾ? ನನಗೆ ಅವರ ಹತ್ತಿರ ಇನ್ನೂ ಕೆಲಸ ಬಾಕಿ ಇದೆ, ಮಾರ್ಗೇಜ್‌ನಿಂದ ಅವನ ಹೆಸರು ತೆಗೆಸಬೇಕು.

ಬರ್ಮಿಂಗ್‌ಹ್ಯಾಮ್‌ನಿಂದ:
ಸಿಟ್ಟಾದರು. ಎರಡು ವಾರ ಮೇಲ್‌ಗೆ ಉತ್ತರ ಕೊಡಲಿಲ್ಲ. ಆಮೇಲೆ 1,140 ಇಳಿಸಿ ಹೊಸ ಬಿಲ್ ಕಳಿಸಿದರು. ನೀನು ಪುಟದ ನಂಬರ್ ಬರೆದು, ಒಂದೊಂದೇ ಸಾಲು ಹಾಕಿ ಕೇಳು. ಫೋನಲ್ಲಿ ಕೇಳಬೇಡ.