ರಿಟೈನರ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಹಲ್ಲಿನ ಸಾಲು ನೇರ ಮಾಡೋಕೆ ಹಾಕುವ ತಂತಿಗೆ ನಾವೆಲ್ಲ ಕ್ಲಿಪ್ ಅಂತೀವಿ. ಅದನ್ನು ಬಿಚ್ಚಿದ ಮೇಲೆ ಕೊಡುವ ರಿಟೈನರ್‌ಗೂ ಕ್ಲಿಪ್ ಅಂತಲೇ ಅಂತೀವಿ. ನನ್ನ ತೊಡಕು ಇರೋದು ಇಲ್ಲೇ.

"ಕ್ಲಿಪ್ ತೆಗೆದಾಯ್ತಲ್ಲ, ಮತ್ಯಾಕೆ ಕ್ಲಿಪ್?" ಅಂತ ನನ್ನ ಅಕ್ಕನ ಮಗಳು ರಿಟೈನರನ್ನು ಡಬ್ಬಿಯಲ್ಲೇ ಇಟ್ಟುಬಿಟ್ಟಳು. ಕೆಲವು ವಾರ ಬಿಟ್ಟು ಹಾಕಿಕೊಂಡರೆ ದವಡೆ ಹಲ್ಲುಗಳ ಮೇಲೆ ಟಕ್ ಅಂತ ಕೂತಿತು, ಮುಂದಿನ ಒಂದು ಹಲ್ಲಿನ ಹತ್ತಿರ ಮಾತ್ರ ಎದ್ದುಕೊಂಡೇ ಇತ್ತು. ಆ ಹಲ್ಲು ಆಗಲೇ ತುಸು ತಿರುಗಿತ್ತು. ಎರಡಕ್ಕೂ ಒಂದೇ ಹೆಸರಿಟ್ಟು ನಾವೇ ಅವಳ ದಾರಿ ತಪ್ಪಿಸಿದೆವು ಅಂತ ನನಗೆ ಬೇಜಾರಾಯಿತು.

ಎರಡರ ಕೆಲಸ ಬೇರೆ ಅಲ್ವಾ? ಒಂದು ಹಲ್ಲನ್ನು ಎಳೆಯುತ್ತೆ, ಇನ್ನೊಂದು ಎಳೆದು ತಂದ ಜಾಗದಲ್ಲೇ ಹಿಡಿದಿಡುತ್ತೆ. ಬೇರನ್ನು ಮೂಳೆಗೆ ಕಟ್ಟುವ ನಾರುಗಳು ಹೊಸ ಜಾಗಕ್ಕೆ ಒಗ್ಗೋಕೆ 3–4 ತಿಂಗಳು ಬೇಕು. ವಸಡಿನ ನಾರುಗಳಿಗೆ ಇನ್ನೂ ಜಾಸ್ತಿ. ತಿರುಗಿದ್ದ ಹಲ್ಲನ್ನು ನೇರ ಮಾಡಿದ್ದರಂತೂ ಕೆಲವು ನಾರುಗಳು ವರ್ಷ ಕಳೆದರೂ ಹಳೇ ಕಡೆಗೇ ಜಗ್ಗುತ್ತಿರುತ್ತವೆ.

‘ಧಾರಕ’ ನನಗೆ ಹಿಡಿಸಲಿಲ್ಲ, ಏನನ್ನೋ ಹೊತ್ತುಕೊಂಡ ಹಾಗೆ ಕೇಳುತ್ತೆ. ‘ಹಲ್ಲುಕಟ್ಟು’ ಚೆಂದವಿದೆ, ಆದರೆ ಹಲ್ಲು ಕಟ್ಟಿಸೋದು ಅಂದರೆ ಬಿದ್ದ ಹಲ್ಲಿನ ಜಾಗಕ್ಕೆ ಹೊಸದು ಹಾಕಿಸೋದು. ‘ಹಲ್ಲುಗಾಪು’ ಆಟದಲ್ಲಿ ಪೆಟ್ಟು ತಡೆಯೋಕೆ ಹಾಕುವ ಗಾರ್ಡ್‌ಗೆ ಹೊಂದುತ್ತೆ. ಈಗ ಮನೆಯಲ್ಲಿ ನಾನು ‘ಹಿಡಿಯೋ ಕ್ಲಿಪ್’ ಅಂತೀನಿ, ಮೊದಲಿನದು ‘ಎಳೆಯೋ ಕ್ಲಿಪ್’. ಹುಡುಗಿಗೆ ತಟ್ಟನೆ ಅರ್ಥವಾಯಿತು. ಹಲ್ಲಿನ ಹಿಂಬದಿಗೆ ಅಂಟಿಸುವ ಸಣ್ಣ ತಂತಿಯನ್ನೂ ‘ಹಿಡಿಯೋ ತಂತಿ’ ಅನ್ನಬಹುದು. ಬರಹದಲ್ಲಿ ‘ಹಿಡಿಕ್ಲಿಪ್’ ಅಂದರೆ ನಡೆಯುತ್ತಾ? ‘ಹಿಡಿ’ ಅಂದರೆ ಕೈಹಿಡಿ ಅಂತ ಓದಿಕೊಳ್ಳುತ್ತಾರೇನೋ ಅನ್ನೋ ಅನುಮಾನವೂ ಇದೆ.

ಇನ್ನೊಂದು ಪ್ರಶ್ನೆ. ನೇರವಾದ ಹಲ್ಲು ಮತ್ತೆ ಜಾಗ ಬಿಡೋದಕ್ಕೆ ಯಾವ ಕ್ರಿಯಾಪದ? ‘ಮರುಕಳಿಸು’ ಜ್ವರಕ್ಕೆ ಸರಿ. ಆದರೆ ಕ್ಲಿಪ್ಪನ್ನೇ ಹಾಕಿಸದವರಿಗೂ ವಯಸ್ಸಾದಂತೆ ಕೆಳಗಿನ ಮುಂದಿನ ಹಲ್ಲುಗಳು ಒತ್ತಿಕೊಳ್ಳುತ್ತವೆ. ಅಲ್ಲಿ ಮರುಕಳಿಸೋಕೆ ಏನಿದೆ? ‘ಹಲ್ಲು ಸರಿಯುತ್ತೆ’ ಅಂದು ನೋಡಿದೆ. ನಮ್ಮಮ್ಮ "ಸರಿಯಾಗುತ್ತಾ? ಒಳ್ಳೇದಾಯ್ತು" ಅಂದರು! ‘ಜಾರಿತು’ ಅಂದರೆ ಉದುರಿತು ಅನ್ನಿಸುತ್ತೆ. ನಿಮ್ಮ ಮನೆಗಳಲ್ಲಿ ಇದಕ್ಕೆ ಏನಂತೀರಿ?