ಆಷಾಢ ಗ್ರೀಷ್ಮ ಋತುವಾದರೆ ಆ ಮಳೆ ಏನು?

ತೀರ್ಥಹಳ್ಳಿ ಮಗಳು:
ನನ್ನ ಮಗಳು ಐದನೇ ಕ್ಲಾಸು. ಪರೀಕ್ಷೆಯಲ್ಲಿ ಆಷಾಢ ಯಾವ ಋತು ಎಂದು ಕೇಳಿದ್ದರು. ವರ್ಷ ಋತು ಎಂದು ಬರೆದು ಒಂದು ಅಂಕ ಕಳೆದುಕೊಂಡಳು. ಪುಸ್ತಕದಲ್ಲಿ ಜ್ಯೇಷ್ಠ, ಆಷಾಢ ಎರಡೂ ಗ್ರೀಷ್ಮ. ನಾನೂ ಹಾಗೇ ಬಾಯಿಪಾಠ ಮಾಡಿದವಳು. ಆದರೆ ಅವಳು ಕೇಳಿದ ಮಾತಿಗೆ ಉತ್ತರ ಬರಲಿಲ್ಲ: "ಆಷಾಢದಲ್ಲಿ ಅಜ್ಜಿ ಮನೆಯ ಬಟ್ಟೆಯೆಲ್ಲ ಬಚ್ಚಲೊಲೆ ಮೇಲೆ ಒಣಗಿಸ್ತಾರಲ್ವಾ? ಬೇಸಿಗೆ ಆದರೆ ಯಾಕೆ?"

ನಿಜ ಅಲ್ವಾ! ಕಳೆದ ಬಾರಿ ತವರಿನ ಪೂಜೆಯಲ್ಲಿ ಭಟ್ಟರು 'ಗ್ರೀಷ್ಮ ಋತೌ' ಎಂದು ಸಂಕಲ್ಪ ಹೇಳುವಾಗ ಹೆಂಚಿನ ಮೇಲಿನ ಮಳೆಗೆ ಅವರ ದನಿಯೇ ಕೇಳುತ್ತಿರಲಿಲ್ಲ. ಮಗುವಿಗೆ ಏನು ಹೇಳಲಿ?

ಪಂಚಾಂಗದ ಹುಚ್ಚು:
ಮಗಳ ಉತ್ತರಕ್ಕೆ ಹಳೆಯ ಆಧಾರವೇ ಇದೆ. ಹಳೆಯ ಆಯುರ್ವೇದ ಗ್ರಂಥ ಸುಶ್ರುತ ಸಂಹಿತೆಯ ಒಂದು ಲೆಕ್ಕದಲ್ಲಿ ಶಿಶಿರವನ್ನು ಬಿಟ್ಟು 'ಪ್ರಾವೃಟ್' ಎಂಬ ಋತುವನ್ನು ಸೇರಿಸಿದ್ದಾರೆ. ಮಳೆ ಹಿಡಿಯುವ ಕಾಲ ಅದು. ಅದರ ತಿಂಗಳುಗಳು ಆಷಾಢ, ಶ್ರಾವಣ. ಅಲ್ಲಿ ಗ್ರೀಷ್ಮ ಎಂದರೆ ವೈಶಾಖ, ಜ್ಯೇಷ್ಠ.

ಇನ್ನೊಂದು ತೊಡಕು ಚಂದ್ರನದು. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ವರ್ಷಕ್ಕೆ 11 ದಿನ ಹಿಂದೆ ಬೀಳುತ್ತದೆ. ಅದನ್ನು ಸರಿಮಾಡಲು ಅಧಿಕ ಮಾಸ. 2025ರಲ್ಲಿ ಆಷಾಢ ಶುರುವಾದದ್ದು ಜೂನ್ 26ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಜುಲೈ 15ಕ್ಕೆ. ಅಂದರೆ ಪಂಚಾಂಗದ ಗ್ರೀಷ್ಮ ಆಗಸ್ಟ್ 12ರವರೆಗೆ! ಮಳೆ ಅಷ್ಟು ದಿನ ಕಾಯುತ್ತದೆಯೇ? ಕೇರಳಕ್ಕೆ ಮುಂಗಾರು ಬರುವುದು ಸಾಮಾನ್ಯವಾಗಿ ಜೂನ್ 1ಕ್ಕೆ. ದೆಹಲಿ ಮುಟ್ಟುವುದು ಜೂನ್ ಕೊನೆಗೆ. ಪುಸ್ತಕದ ಲೆಕ್ಕದಂತೆ ಶ್ರಾವಣ, ಭಾದ್ರಪದ ಮಳೆಗಾಲ ಎನ್ನುವುದು ಉತ್ತರ ಭಾರತಕ್ಕೆ ನಮಗಿಂತ ಚೆನ್ನಾಗಿ ಹೊಂದುತ್ತದೆ.

ಅಡಿಕೆ ತೋಟದವ, ಸಾಗರ:
ನಮ್ಮಲ್ಲಿ ಸಂಕಲ್ಪಕ್ಕೆ ಋತು, ತೋಟಕ್ಕೆ ಮಳೆ ನಕ್ಷತ್ರ: ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ಹೆಸರಿನ ಮಳೆ. ಅಪ್ಪ ಯಾವತ್ತೂ 'ಗ್ರೀಷ್ಮ ಬಂತು' ಎಂದವರಲ್ಲ. 'ಮೃಗಶಿರೆ ಹಿಡಿಯುವುದರೊಳಗೆ ಮದ್ದು ಹೊಡೆದು ಮುಗಿಸಬೇಕು' ಎನ್ನುತ್ತಿದ್ದರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಒಂದು ವರ್ಷ ನಾನು 'ಇನ್ನೂ ಬಿಸಿಲಿದೆಯಲ್ಲ' ಎಂದು ನಾಲ್ಕು ದಿನ ತಡಮಾಡಿದೆ. ಆಮೇಲೆ ಮಳೆ ಬಿಡಲೇ ಇಲ್ಲ. ಉದುರಿದ ಹಸಿ ಅಡಿಕೆಯನ್ನು ಬುಟ್ಟಿಗಟ್ಟಲೆ ಆರಿಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಳೆ ನಕ್ಷತ್ರ ಸೂರ್ಯನ ಲೆಕ್ಕ. ಒಂದೊಂದಕ್ಕೆ 13–14 ದಿನ. ಅಧಿಕ ಮಾಸ ಬಂದರೂ ಅಲ್ಲಾಡುವುದಿಲ್ಲ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರೆ ಜೂನ್ 8, ಆರಿದ್ರೆ ಜೂನ್ 22. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬ ಗಾದೆ ಮಗಳಿಗೆ ಕಲಿಸಿ. ಆ ಒಂದು ಅಂಕ ಹೋದರೆ ಹೋಗಲಿ.

ಚೆನ್ನೈ ಕನ್ನಡಿಗ:
ನಮ್ಮ ಕಥೆ ಇನ್ನೂ ಬೇರೆ. ಇಲ್ಲಿ ಜೋರು ಮಳೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಪುಸ್ತಕದ ಶರತ್ಕಾಲದ ತಿಳಿ ಆಕಾಶ ನನ್ನ ಮಕ್ಕಳು ನೋಡಿಯೇ ಇಲ್ಲ.

ತೀರ್ಥಹಳ್ಳಿ ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರಾವೃಟ್ ವಿಷಯ ಓದಿ ಹೇಳಿದೆ. ಕುಣಿದಾಡಿಬಿಟ್ಟಳು. ಪುಸ್ತಕದ ಆ ಪುಟದಲ್ಲಿ ಪೆನ್ಸಿಲ್ಲಿನಿಂದ 'ನಮ್ಮೂರಲ್ಲಿ ಮಳೆ' ಎಂದು ಬರೆದುಕೊಂಡಿದ್ದಾಳೆ. ಅವಳು ಹುಟ್ಟಿದ್ದು ಜೂನ್ 24. ಆರಿದ್ರೆ ಮಳೆಯಲ್ಲಿ ಹುಟ್ಟಿದವಳು ನೀನು ಎಂದೆ. ಈಗ ಗೆಳತಿಯರೆಲ್ಲರ ಮಳೆ ಯಾವುದು ಎಂದು ಪಟ್ಟಿ ಮಾಡುತ್ತಿದ್ದಾಳೆ. ಫೆಬ್ರವರಿಯಲ್ಲಿ ಹುಟ್ಟಿದವಳೊಬ್ಬಳು ಇದ್ದಾಳಂತೆ. ಅವಳಿಗೆ ಏನು ಹೇಳಬೇಕು?